ಜಾಡ್ಯದ ಕಾಲದಲ್ಲಿ ಚುನಾವಣೆ: ಅಧಿಕಾರದ ಎಲ್ಲೆ ಎಲ್ಲಿ?

ನನ್ನ ಊರು ಹರಪನಹಳ್ಳಿ ತಾಲ್ಲೂಕಿನ ನೀಲಗುಂದ. 2020ರ ಮುಂಗಾರಿನಲ್ಲಿ ಕರೋನಾ ಜಾಡ್ಯದ ಭಯದಿಂದ ಶಾಲೆಗಳು ಮುಚ್ಚಿದ್ದವು. ನಾನು ಮನೆಯಲ್ಲೇ ಇದ್ದೆ. ಒಂದು ದಿನ ನಮ್ಮ ಅಜ್ಜಿ ಬರಿಗೊಡ ಹಿಡಿದು ಬಂದವಳೇ, “ನಳದಾಗ ನೀರು ಬರವಲ್ದು, ಮೆಂಬರ್‌ಗೆ ಹೇಳಿದ್ರ ನನ್ನ ಅವಧಿ ಮುಗೀತು ಅಂತಾನ. ಈಗ ಯಾರ್ನ ಕೇಳಬೇಕಪ್ಪಾ?” ಎಂದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ಮೇಲೆ ಆ ಪ್ರಶ್ನೆಯ ಬೆನ್ನು ಹತ್ತಿ ಓದಿದುದನ್ನು ಸಹಪಾಠಿ ಮಿತ್ರರ ಮುಂದೆ ಇಡುತ್ತಿದ್ದೇನೆ.

ಪಂಚಾಯತಿಯ ಆಯುಸ್ಸನ್ನು ಸಂವಿಧಾನವೇ ಗೊತ್ತುಮಾಡಿದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯಿಂದ ಸೇರಿದ 243-ಇ ವಿಧಿಯ ಪ್ರಕಾರ, ಮೊದಲ ಸಭೆಯ ದಿನದಿಂದ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಆ ಅವಧಿ ತೀರುವ ಮುನ್ನವೇ ಹೊಸ ಚುನಾವಣೆ ಮುಗಿದಿರಬೇಕು. ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು 243-ಕೆ ವಿಧಿಯು ರಾಜ್ಯ ಚುನಾವಣಾ ಆಯೋಗಕ್ಕೆ ವಹಿಸಿದೆ. ಹಾಗಾದರೆ ಜಾಡ್ಯ ಬಂದಾಗ ಆಯೋಗವು ತನಗೆ ಸರಿಕಂಡಂತೆ ನಡೆಯಬಹುದೇ? ಇಲ್ಲವೆಂದೇ ನ್ಯಾಯಾಲಯದ ತೀರ್ಪುಗಳಿಂದ ತಿಳಿಯುತ್ತದೆ.

ಮೊದಲನೆಯ ಎಲ್ಲೆ, ಶಾಸನ. ಮೋಹಿಂದರ್ ಸಿಂಗ್ ಗಿಲ್ ಮೊಕದ್ದಮೆಯಲ್ಲಿ 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನ ಮೌನವಾಗಿರುವ ಕಡೆ ಚುನಾವಣಾ ಆಯೋಗಕ್ಕೆ ವಿಶಾಲ ಅಧಿಕಾರ ಉಂಟೆಂದು ಒಪ್ಪಿತು. ಆದರೆ ಶಾಸನ ಇರುವ ಕಡೆ ಅದಕ್ಕೆ ಅನುಸಾರವಾಗಿಯೇ ನಡೆಯಬೇಕೆಂದೂ ಹೇಳಿತು. ಇದಕ್ಕೆ ಒಳ್ಳೆಯ ನಿದರ್ಶನ ಕೇರಳದ ಪರೂರು ಕ್ಷೇತ್ರ. 1982ರಲ್ಲಿ ಅಲ್ಲಿನ 50 ಮತಗಟ್ಟೆಗಳಲ್ಲಿ ಆಯೋಗವು ಮತಯಂತ್ರಗಳನ್ನು ಬಳಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಅಂದಿನ ಕಾನೂನಿನಲ್ಲಿ ಯಂತ್ರಕ್ಕೆ ಆಸ್ಪದವಿರಲಿಲ್ಲವಾದ್ದರಿಂದ 1984ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿ ಮರುಮತದಾನಕ್ಕೆ ಆಜ್ಞೆ ಮಾಡಿತು. ಸಂಸತ್ತು ಶಾಸನಕ್ಕೆ ಮಾಡಿದ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದ ಮೇಲಷ್ಟೇ ಯಂತ್ರಕ್ಕೆ ಕಾನೂನಿನ ಬಲ ಬಂದಿತು. ಸದುದ್ದೇಶವು ಅಧಿಕಾರವನ್ನು ಹುಟ್ಟಿಸುವುದಿಲ್ಲ ಎಂಬುದು ಇಲ್ಲಿಯ ಪಾಠ.

ಎರಡನೆಯ ಎಲ್ಲೆ, ಕಾಲ. ಅಹಮದಾಬಾದ್ ಮಹಾನಗರ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಮೊಕದ್ದಮೆಯಲ್ಲಿ (2006) ಸಂವಿಧಾನ ಪೀಠವು, ದಂಗೆ, ಶಾಂತಿಭಂಗ, ಪ್ರಕೃತಿವಿಕೋಪಗಳಂಥ ಅಸಾಧಾರಣ ಸಂದರ್ಭಗಳನ್ನು ಬಿಟ್ಟು ಬೇರಾವ ನೆಪದಿಂದಲೂ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ತಡಮಾಡಕೂಡದೆಂದು ವಿಧಿಸಿತು. ಸರ್ಕಾರ ಸಹಕರಿಸದಿದ್ದರೆ ಆಯೋಗವು ನ್ಯಾಯಾಲಯದ ಮೊರೆ ಹೋಗಬಹುದೆಂದೂ ತಿಳಿಸಿತು.

ಇನ್ನು ನಮ್ಮ ರಾಜ್ಯದ ಸಂಗತಿ. 2015ರಲ್ಲಿ ಆಯ್ಕೆಯಾದ ಗ್ರಾಮ ಪಂಚಾಯತಿಗಳ ಅವಧಿ 2020ರ ನಡುವಿಗೆ ತೀರಿತು. ಮೇ ತಿಂಗಳ ಕೊನೆಯಲ್ಲಿ ರಾಜ್ಯ ಚುನಾವಣಾ ಆಯೋಗವು ಜಾಡ್ಯದ ಕಾರಣದಿಂದ ಚುನಾವಣೆಯನ್ನು ಮುಂದೂಡಿತು; ಸರ್ಕಾರವು ಆಡಳಿತಾಧಿಕಾರಿಗಳನ್ನು ನೇಮಿಸಿತು. ಆ ಮೇ ತಿಂಗಳಲ್ಲಿ ಜಾಡ್ಯ ಅಸಾಧಾರಣವೆಂಬುದು ನಿರ್ವಿವಾದ. ಪ್ರಶ್ನೆ ಇದ್ದುದು ‘ಎಷ್ಟು ದಿನ?’ ಎಂಬಲ್ಲಿ. ಪ್ರಕರಣವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಮೂರು ವಾರದೊಳಗೆ ಚುನಾವಣೆಯ ವೇಳಾಪಟ್ಟಿ ಪ್ರಕಟಿಸಬೇಕೆಂದು ನ್ಯಾಯಾಲಯವು ನವೆಂಬರಿನಲ್ಲಿ ಆಜ್ಞಾಪಿಸಿತು. ಡಿಸೆಂಬರ್ 22 ಮತ್ತು 27ರಂದು 5,700ಕ್ಕೂ ಹೆಚ್ಚು ಪಂಚಾಯತಿಗಳಿಗೆ ಮತದಾನ ನಡೆದು, 30ರಂದು ಎಣಿಕೆಯಾಯಿತು. ಜಾಡ್ಯ ಆಗಲೂ ಪೂರ್ತಿ ತೊಲಗಿರಲಿಲ್ಲ. ಅಷ್ಟರಲ್ಲಿ ಬಿಹಾರದಲ್ಲಿ ವಿಧಾನಸಭೆಯ ಚುನಾವಣೆಯೇ ಮುಗಿದಿತ್ತು. ಅಲ್ಲಿ ಒಂದು ಮತಗಟ್ಟೆಗೆ 1,500ರ ಬದಲು 1,000 ಮತದಾರರೆಂದು ಮಿತಿಗೊಳಿಸಿದ್ದರು. ಹೀಗೆ ಮತದಾನದ ಕ್ರಮವನ್ನು ಸುರಕ್ಷಿತಗೊಳಿಸಲು ಅಧಿಕಾರ ಉಂಟು. ಮತದಾನವನ್ನೇ ಅನಿರ್ದಿಷ್ಟವಾಗಿ ತಡೆಯಲು ಇಲ್ಲ.

ಹೊರದೇಶದಲ್ಲಿಯೂ ಇದೇ ವಾದ ನಡೆಯಿತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗವರ್ನರರು 2020ರ ಏಪ್ರಿಲ್ 7ರ ಮತದಾನವನ್ನು ಹಿಂದಿನ ದಿನ ಮುಂದೂಡಿದಾಗ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಅಂದೇ ಅದನ್ನು ತಡೆಯಿತು. ಜನ ಜಾಡ್ಯದ ನಡುವೆಯೇ ಸಾಲುಗಟ್ಟಿ ಮತ ಹಾಕಿದರು. ಎಲ್ಲೆಯನ್ನು ಕಾಯುವುದಕ್ಕೂ ಬೆಲೆ ತೆರಬೇಕಾಗುತ್ತದೆಂಬುದನ್ನು ನಾವು ಮರೆಯಬಾರದು.

ಆದರೂ ಎಲ್ಲೆ ಬೇಕೇ ಬೇಕು. ಏಕೆಂದರೆ ತಡಮಾಡಲು ಒಮ್ಮೆ ಕಾರಣ ಸಿಕ್ಕರೆ, ಮತ್ತೊಂದು ಕಾರಣ ಹುಡುಕುವುದು ಕಷ್ಟವಲ್ಲ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ಜಾಡ್ಯ ಇಳಿಯಿತು, ಕ್ಷೇತ್ರ ವಿಂಗಡಣೆ, ಮೀಸಲಾತಿಗಳ ತೊಡಕು ಮುಂದಾಯಿತು, 2024ನೆಯ ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ.

ಆಡಳಿತಾಧಿಕಾರಿ ಎಷ್ಟೇ ದಕ್ಷನಾಗಿರಲಿ, ಅವನು ಮತ ಕೇಳಲು ನಮ್ಮ ಓಣಿಗೆ ಬರಬೇಕಾಗಿಲ್ಲ. ಮೆಂಬರು ಬರಲೇಬೇಕು. ನಮ್ಮ ಅಜ್ಜಿಯ ಬರಿಗೊಡದ ಪ್ರಶ್ನೆಗೆ ಸಂವಿಧಾನ ಕೊಡುವ ಉತ್ತರ ಇದೇ ಎಂದು ನನಗೆ ತೋರುತ್ತದೆ.