ಮೈಟರ್ ಸಾ ಕೊಳ್ಳುವ ಮುನ್ನ: ನಮ್ಮ ಮನೆಯ ಒಂದು ಲೆಕ್ಕ

ಬ್ಯಾಡಗಿಯಲ್ಲಿರುವ ನಮ್ಮ ಮನೆ ಅಜ್ಜನ ಕಾಲದ್ದು. ಮಣ್ಣಿನ ಗೋಡೆ, ಮೇಲೆ ಹಂಚು. ಕಳೆದ ಬೇಸಿಗೆಯಲ್ಲಿ ಆಪಾಳ ಮದುವೆ ನಿಶ್ಚಯವಾದ ಮೇಲೆ ಅಬ್ಬಾ ಮನೆ ರಿಪೇರಿಗೆ ಕೈ ಹಾಕಿದರು. ಎರಡು ಬಾಗಿಲು, ನಾಲ್ಕು ಕಿಟಕಿಗಳಿಗೆ ಸಾಗವಾನಿಯ ಸುತ್ತುಪಟ್ಟಿ, ನಡುಮನೆಯ ಗೋಡೆಯ ಬುಡಕ್ಕೆ ಮರದ ಸ್ಕರ್ಟಿಂಗ್. ಕೆಲಸ ಹಿಡಿದವರು ರಾಣೆಬೆನ್ನೂರಿನ ಬಡಿಗೇರ ಕಾಕಾ. ನನ್ನ ಅಣ್ಣ ಎರಡು ವರ್ಷದಿಂದ ಅವರ ಕೈಕೆಳಗೇ ಬಡಗಿ ಕೆಲಸ ಕಲಿಯುತ್ತಿದ್ದಾನೆ.

ಎರಡನೆಯ ದಿನವೇ ಅವಘಡವಾಯಿತು. ಕಲ್ಲು ಕತ್ತರಿಸುವ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ, ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಓರೆಯಾಗಿ ಕೊಯ್ಯುವಾಗ ಯಂತ್ರ ಜಿಗಿದು ಕಾಕಾ ಅವರ ಎಡಗೈ ಹೆಬ್ಬೆರಳು ಸೀಳಿತು. ಮೂರು ಹೊಲಿಗೆ ಬಿದ್ದವು. ಮರುದಿನದಿಂದ ಅದೇ ಯಂತ್ರ ಅಣ್ಣನ ಕೈಗೆ ಬರುವುದಿತ್ತು. ಅಮ್ಮಿ ಒಪ್ಪಲಿಲ್ಲ. ಬಣ್ಣಕ್ಕೆಂದು ಇಟ್ಟಿದ್ದ ₹15,000ವನ್ನು ಅಬ್ಬಾ ಹೊರಗೆ ತೆಗೆದರು. "ಇದರೊಳಗೆ ಒಂದು ಸರಿಯಾದ ಯಂತ್ರ ಬರುವುದಾದರೆ ನೋಡು, ವಿಜ್ಞಾನ ಓದುತ್ತೀಯಲ್ಲ" ಎಂದು ಹುಡುಕುವ ಕೆಲಸ ನನಗೆ ಒಪ್ಪಿಸಿದರು. ಹಾವೇರಿಯಲ್ಲಿ ಕಾಲೇಜು ಬಿಟ್ಟ ಮೇಲೆ ಎರಡು ಅಂಗಡಿ, ಭಾನುವಾರ ರಾಣೆಬೆನ್ನೂರಿನಲ್ಲಿ ಮೂರು ಅಂಗಡಿ ಸುತ್ತಿದೆವು. ಅಲ್ಲಿ ಕಲಿತದ್ದನ್ನು ಗೆಳೆಯ ಗೆಳತಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಇದು ಏನು ಮಾಡುತ್ತದೆ?

ಮೈಟರ್ ಸಾ ಎಂದರೆ ಮೇಜಿನ ಮೇಲೆ ಕೂರುವ ಗರಗಸ. ಮರವನ್ನು ಹಿಂದಿನ ಆನಿಕೆಗೆ ಒತ್ತಿ ಹಿಡಿದು, ತಿರುಗುವ ಬ್ಲೇಡನ್ನು ಮೇಲಿನಿಂದ ಕೆಳಗೆ ಇಳಿಸಬೇಕು. ಕೆಳಗಿನ ತಟ್ಟೆ ಎಡಕ್ಕೂ ಬಲಕ್ಕೂ ತಿರುಗುವುದರಿಂದ ಬೇಕಾದ ಕೋನದಲ್ಲಿ ಕೊಯ್ಯಬಹುದು. ಇದರಲ್ಲಿ ಮೂರು ಬಗೆ. ತಟ್ಟೆ ಮಾತ್ರ ತಿರುಗುವುದು ಸಾದಾ. ಬ್ಲೇಡು ಕೂಡ ಪಕ್ಕಕ್ಕೆ ವಾಲುವುದು ಕಾಂಪೌಂಡ್. ಬ್ಲೇಡು ಹಿಂದೆ ಮುಂದೆ ಜಾರುವುದು ಸ್ಲೈಡಿಂಗ್. ಅಗಲದ ಹಲಗೆಗೆ ಅದೇ ಬೇಕು, ಬೆಲೆಯೂ ಬಹಳ ಹೆಚ್ಚು.

ಒಂದು ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ 14 ಇಂಚಿನ ಯಂತ್ರ ತೋರಿಸಿ, ಬ್ಲೇಡು ಬದಲಿಸಿದರೆ ಮರಕ್ಕೂ ಆಗುತ್ತದೆ ಎಂದರು. ಬೆಲೆ ಕಡಿಮೆ ಇತ್ತು. ಕಾಕಾ ಬೇಡವೆಂದು ತಲೆಯಾಡಿಸಿದರು. ಅದು ಸಾಣೆಕಲ್ಲಿನಂಥ ಬಿಲ್ಲೆಗೆ ಮಾಡಿದ ಯಂತ್ರ. ಹಲ್ಲಿರುವ ಬ್ಲೇಡನ್ನು ಪೂರ್ತಿ ಮುಚ್ಚುವ ಕಾವಲು ಅದಕ್ಕಿಲ್ಲ. ಮಾರ್ಬಲ್ ಕಟರ್‌ನಲ್ಲಿ ಮಾಡಿದ ತಪ್ಪನ್ನೇ ದೊಡ್ಡ ಯಂತ್ರದಲ್ಲಿ ಮತ್ತೆ ಮಾಡಿದಂತಾಗುತ್ತಿತ್ತು.

ಮೊದಲು ಪಟ್ಟಿ ಅಳೆಯಿರಿ

"ಯವ್ವಾ, ಮಷೀನು ಆಮ್ಯಾಲೆ ನೋಡೂಣು. ನಮ್ಮ ಪಟ್ಟಿ ಎಷ್ಟು ಅಗಲ ಐತಿ, ಅದನ್ನ ಮೊದಲ ಬರಕೋ" ಎಂದರು ಕಾಕಾ. ಬಾಗಿಲಿನ ಪಟ್ಟಿ 3 ಇಂಚು, ಅಂದರೆ ಸುಮಾರು 75 ಮಿ.ಮೀ. ಕಿಟಕಿಯದ್ದು ಎರಡೂವರೆ ಇಂಚು.

ಹತ್ತು ಇಂಚಿನ (ಸುಮಾರು 255 ಮಿ.ಮೀ.) ಬ್ಲೇಡಿನ, ಜಾರದ ಯಂತ್ರ ನೇರವಾಗಿ ಸುಮಾರು 130 ಮಿ.ಮೀ. ಅಗಲ ಕೊಯ್ಯುತ್ತದೆ. ಆದರೆ ಪಟ್ಟಿಗಳ ಮೂಲೆ ಕೂಡಲು 45 ಡಿಗ್ರಿಯಲ್ಲಿ ಕೊಯ್ಯಬೇಕು. ಆಗ ಬ್ಲೇಡು ಮರವನ್ನು ಕರ್ಣದ ಉದ್ದಕ್ಕೂ ದಾಟಬೇಕಾಗುತ್ತದೆ. ಕಾಸ್ 45° ಎಂದರೆ 0.707. 130ನ್ನು 0.707ರಿಂದ ಗುಣಿಸಿದರೆ 92 ಮಿ.ಮೀ. ನಮ್ಮ 75 ಮಿ.ಮೀ. ಪಟ್ಟಿಗೆ ಇಷ್ಟು ಸಾಕು. 4 ಇಂಚಿನ ಪಟ್ಟಿಯಾಗಿದ್ದರೆ ಇದೇ ಯಂತ್ರ ಸಾಲುತ್ತಿರಲಿಲ್ಲ. ಈ ಒಂದು ಗುಣಾಕಾರದಿಂದ ನಮಗೆ ಸ್ಲೈಡಿಂಗ್ ಯಂತ್ರ ಬೇಡ ಎಂಬುದು ಖಚಿತವಾಯಿತು. ಉಳಿದ ಹಣದಲ್ಲಿ ಒಳ್ಳೆಯ ಬ್ಲೇಡು ಕೊಳ್ಳಬಹುದಾಯಿತು.

ಯಂತ್ರದ ಜೊತೆ ಬರುವ ಬ್ಲೇಡಿಗೆ ಸಾಮಾನ್ಯವಾಗಿ 24ರಿಂದ 40 ಹಲ್ಲು ಇರುತ್ತವೆ. ಅದು ಬೇಗ ಕೊಯ್ಯುತ್ತದೆ, ಆದರೆ ಅಂಚು ಸಿಬಿರೇಳುತ್ತದೆ. ಸುತ್ತುಪಟ್ಟಿಯಂಥ ನಯವಾದ ಕೆಲಸಕ್ಕೆ 60 ಅಥವಾ 80 ಹಲ್ಲಿನ ಕಾರ್ಬೈಡ್ ಬ್ಲೇಡು ಬೇಕು. ಕೊಳ್ಳುವಾಗ ಎರಡು ಸಂಗತಿ ನೋಡಿ. ಬ್ಲೇಡಿನ ನಡುರಂಧ್ರ ಯಂತ್ರದ ಅಚ್ಚಿಗೆ ಸರಿಹೊಂದಬೇಕು. ಬ್ಲೇಡಿನ ಮೇಲೆ ಬರೆದ ಗರಿಷ್ಠ ಸುತ್ತುಗಳ ಸಂಖ್ಯೆ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು.

ವಿದ್ಯುತ್ತು ಮತ್ತು ವೇಗ

ಯಂತ್ರದ ಮೇಲೆ 1,650 ವ್ಯಾಟ್ ಎಂದು ಬರೆದಿತ್ತು. ಇದನ್ನು 230 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 7.2 ಆಂಪಿಯರ್. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಪ್ಲಗ್ಗಿಗೆ ಇದನ್ನು ಸಿಕ್ಕಿಸಬಾರದು. ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ಗೇ ಬೇಕು. ಎಕ್ಸ್‌ಟೆನ್ಷನ್ ವೈರು ತೆಳ್ಳಗಿದ್ದರೆ ಕಾಯುತ್ತದೆ, ನಾವು 2.5 ಚದರ ಮಿ.ಮೀ. ವೈರು ಹಾಕಿಸಿದೆವು. ಸಂಜೆ ವೋಲ್ಟೇಜ್ ಇಳಿದಾಗ ಯಂತ್ರ ಮುಲುಗುತ್ತದೆ. ಆಗ ಕೆಲಸ ನಿಲ್ಲಿಸುವುದೇ ಒಳ್ಳೆಯದು, ಇಲ್ಲದಿದ್ದರೆ ಮೋಟಾರು ಸುಡುತ್ತದೆ.

ಇನ್ನು ವೇಗ. ಬ್ಲೇಡಿನ ಸುತ್ತಳತೆ ಸುಮಾರು 0.8 ಮೀಟರ್. ನಿಮಿಷಕ್ಕೆ 4,800 ಸುತ್ತು ಎಂದರೆ ಸೆಕೆಂಡಿಗೆ 80 ಸುತ್ತು. ಅಂದರೆ ಹಲ್ಲಿನ ವೇಗ ಸೆಕೆಂಡಿಗೆ 64 ಮೀಟರ್, ಗಂಟೆಗೆ ಸುಮಾರು 230 ಕಿ.ಮೀ. ರಾಣೆಬೆನ್ನೂರಿನಿಂದ ಹಾವೇರಿಗೆ ಹೆದ್ದಾರಿಯಲ್ಲಿ ಬರುವ ಬಸ್ಸು ಗಂಟೆಗೆ 80 ಕಿ.ಮೀ. ಓಡಿದರೂ ಇದು ಅದರ ಮೂರು ಪಟ್ಟು ಹತ್ತಿರ. ಈ ಲೆಕ್ಕ ತೋರಿಸಿದ ದಿನದಿಂದ ಅಣ್ಣ ಕೈಯನ್ನು ಬ್ಲೇಡಿನಿಂದ ಒಂದು ಗೇಣು ದೂರವೇ ಇಡುತ್ತಾನೆ. ಚಿಕ್ಕ ತುಂಡನ್ನು ಕ್ಲಾಂಪಿನಲ್ಲಿ ಬಿಗಿಯುತ್ತಾನೆ. ಸ್ವಿಚ್ ಬಿಟ್ಟ ಮೇಲೂ ಬ್ಲೇಡು ಕೆಲ ಕ್ಷಣ ತಿರುಗುತ್ತದೆ. ಪೂರ್ತಿ ನಿಂತ ನಂತರವೇ ಮೇಲೆತ್ತಬೇಕು. ಕೈಚೀಲ, ಸಡಿಲ ತೋಳು, ದುಪಟ್ಟಾ ಹತ್ತಿರ ಸುಳಿಯಬಾರದು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕೇಬೇಕು. ನಮ್ಮೂರಿನ ಮೆಣಸಿನಕಾಯಿ ಘಾಟು ಕೂಡಲೇ ಕೆಮ್ಮಿಸಿ ಎಚ್ಚರಿಸುತ್ತದೆ. ಮರದ ಧೂಳು ಹಾಗೆ ಎಚ್ಚರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ಅಂಗಡಿಯಲ್ಲೇ ಪರೀಕ್ಷೆ

ಪ್ಲಗ್ ತೆಗೆದು ಕಾಕಾ ಮಾಡಿದ ಪರೀಕ್ಷೆಗಳಿವು. ಹಿಡಿಕೆಯನ್ನು ಪಕ್ಕಕ್ಕೆ ಅಲ್ಲಾಡಿಸಿದರು. ಸಡಿಲವಿದ್ದರೆ ಕೋನ ನಿಲ್ಲುವುದಿಲ್ಲ. ಬ್ಲೇಡಿನ ಕಾವಲು ಸ್ಪ್ರಿಂಗಿನಿಂದ ತಾನಾಗಿ ಮುಚ್ಚುತ್ತದೆಯೇ ನೋಡಿದರು. ಬ್ಲೇಡಿಗೂ ಆನಿಕೆಗೂ ನಡುವೆ ಗುಣ್ಯಾ ಹಿಡಿದು ಮೂಲೆ ಸರಿಯಿದೆಯೇ ನೋಡಿದರು. ಆಮೇಲೆ ಯಂತ್ರ ಚಾಲೂ ಮಾಡಿಸಿ 100 ಮಿ.ಮೀ. ಅಗಲದ ಹಲಗೆಯೊಂದನ್ನು ನೇರವಾಗಿ ಕೊಯ್ದು, ಒಂದು ತುಂಡನ್ನು ಮಗುಚಿ ಇನ್ನೊಂದಕ್ಕೆ ಜೋಡಿಸಿದರು. ಕೊಯ್ತ ಒಂದು ಡಿಗ್ರಿ ತಪ್ಪಿದ್ದರೆ ಅಂಚಿನಲ್ಲಿ 1.75 ಮಿ.ಮೀ. ವ್ಯತ್ಯಾಸ. ಮಗುಚಿದಾಗ ಅದು ಇಮ್ಮಡಿಯಾಗಿ 3.5 ಮಿ.ಮೀ. ಸಂದು ಕಣ್ಣಿಗೆ ಕಾಣುತ್ತದೆ. ಮೊದಲ ಯಂತ್ರ ಇದರಲ್ಲೇ ಸೋತಿತು.

ಕಾರ್ಬನ್ ಬ್ರಷ್ ರಾಣೆಬೆನ್ನೂರಿನಲ್ಲೇ ಸಿಗುತ್ತದೆಯೇ ಎಂದು ಕೇಳಿ, ಯಂತ್ರದ ಸಂಖ್ಯೆ ಬರೆಸಿದ ಬಿಲ್ಲು ಪಡೆದೆವು. ಕೊನೆಗೆ ಕೊಂಡದ್ದು 10 ಇಂಚಿನ ಸಾದಾ ಕಾಂಪೌಂಡ್ ಯಂತ್ರ, ಒಂದು 60 ಹಲ್ಲಿನ ಬ್ಲೇಡು, ಕ್ಲಾಂಪು, ಕನ್ನಡಕ. ಎಲ್ಲವೂ ₹15,000ದೊಳಗೆ ಮುಗಿಯಿತು.

ನಾನು ಮಾಡಿದ ತಪ್ಪು

ಬಾಗಿಲು, ಕಿಟಕಿ ಚೆನ್ನಾಗಿ ಕೂತವು. ನಡುಮನೆಯ ಮಣ್ಣಿನ ಗೋಡೆಯ ಮೂಲೆ ಮಾತ್ರ ಸರಿಯಿರಲಿಲ್ಲ. ಒಂದು ಗೋಡೆಯಲ್ಲಿ 3 ಅಡಿ, ಇನ್ನೊಂದರಲ್ಲಿ 4 ಅಡಿ ಗುರುತಿಸಿ ಅಡ್ಡ ಅಳೆದೆ. ಮೂಲೆ 90 ಡಿಗ್ರಿ ಇದ್ದರೆ 5 ಅಡಿ ಬರಬೇಕಿತ್ತು. 5 ಅಡಿ 2 ಇಂಚು ಬಂತು. ಕೊಸೈನ್ ನಿಯಮ ಹಾಕಿದರೆ ಮೂಲೆ 94 ಡಿಗ್ರಿ. ಅರ್ಧ 47. ಹೆಮ್ಮೆಯಿಂದ "47ಕ್ಕೆ ಇಡು" ಎಂದು ಅಣ್ಣನಿಗೆ ಹೇಳಿದೆ. ಎರಡು ಸಾಗವಾನಿ ತುಂಡು ಕೊಯ್ದು ಹಿಡಿದರೆ ಸಂದು ಇನ್ನೂ ದೊಡ್ಡದಾಗಿತ್ತು!

ಕಾಕಾ ಬಯ್ಯಲಿಲ್ಲ. "ಲೆಕ್ಕ ಬರೋಬ್ಬರಿ ಐತಿ. ಆದ್ರ ಮಷೀನಿನ ಸೊನ್ನಿ ಎಲ್ಲೈತಿ ನೋಡವ್ವಾ" ಎಂದರು. ಯಂತ್ರದಲ್ಲಿ ನೇರ ಕೊಯ್ತವೇ ಸೊನ್ನೆ. ನಾನು ಲೆಕ್ಕ ಹಾಕಿದ 47 ಪಟ್ಟಿಯ ಉದ್ದದಿಂದ ಅಳೆದ ಕೋನ. ಯಂತ್ರದಲ್ಲಿ ಇಡಬೇಕಾದದ್ದು 90ರಿಂದ 47 ಕಳೆದ 43. ಮೂಲೆ 90 ಇದ್ದಾಗ ಎರಡೂ 45 ಆಗುವುದರಿಂದ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸುಮ್ಮನೆ 45ಕ್ಕೆ ಬಿಟ್ಟಿದ್ದರೆ 4 ಡಿಗ್ರಿ ಸಂದು ಉಳಿಯುತ್ತಿತ್ತು. ನನ್ನ ಮಾತು ಕೇಳಿ 8 ಆಯಿತು. 43ಕ್ಕೆ ಇಟ್ಟು ಕೊಯ್ದಾಗ ಮೂಲೆ ಕೂಡಿತು. ಹಾಳಾದ ತುಂಡುಗಳಲ್ಲಿ ಅಣ್ಣ ನನಗೊಂದು ಪುಸ್ತಕದ ಆನಿಕೆ ಮಾಡಿಕೊಟ್ಟ.

ಒಂದೇ ಕಿಟಕಿಯ ಕೆಲಸವಿರುವ ಮನೆಗೆ ಈ ಯಂತ್ರ ಬೇಕಿಲ್ಲ. ಕೈಗರಗಸ ಮತ್ತು ಕೆಲವು ನೂರು ರೂಪಾಯಿಯ ಮೈಟರ್ ಬಾಕ್ಸ್ ಸಾಕು. ನಮ್ಮಲ್ಲಿ ಅಣ್ಣನಿಗೆ ಇದೇ ಕಸುಬಾದ್ದರಿಂದ ಕೊಂಡದ್ದು ವ್ಯರ್ಥವಾಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಮಾರ್ಬಲ್ ಕಟರ್‌ಗೆ ಮರದ ಬ್ಲೇಡು ಹಾಕಿ ಕೆಲಸ ಮಾಡುತ್ತಿದ್ದರೆ ದಯವಿಟ್ಟು ಇಂದೇ ತಡೆಯಿರಿ. ಆಪಾಳ ಮದುವೆಗೆ ಗೋಡೆಗೆ ಹೊಸ ಬಣ್ಣ ಬರಲಿಲ್ಲ, ಸುಣ್ಣವನ್ನೇ ಹೊಡೆದೆವು. ಆದರೆ ಊಟಕ್ಕೆ ಬಂದ ಕಾಕಾ ಅವರ ಹೆಬ್ಬೆರಳು ವಾಸಿಯಾಗಿತ್ತು, ಅಣ್ಣನ ಹತ್ತೂ ಬೆರಳು ನೆಟ್ಟಗಿದ್ದವು. ಅಮ್ಮಿಗೆ ಅಷ್ಟೇ ಸಾಕಾಗಿತ್ತು.

– ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ