ಸಿರಿಯಾದ ರಾಸಾಯನಿಕ ಅಸ್ತ್ರ ನಿರ್ಮೂಲನೆ: ಮುಖ್ಯಾಂಶಗಳು

ಹಿನ್ನೆಲೆ: 2013ರ ಆಗಸ್ಟ್ 21ರ ನಸುಕಿನಲ್ಲಿ ಡಮಾಸ್ಕಸ್ ಹೊರವಲಯದ ಘೌಟಾ ಪ್ರದೇಶಕ್ಕೆ ಸಾರಿನ್ ತುಂಬಿದ ರಾಕೆಟ್‌ಗಳು ಬಂದು ಬಿದ್ದವು. ಸಾರಿನ್ ಆವಿ ಗಾಳಿಗಿಂತ ಭಾರ. ತಂಪು ಹೊತ್ತಿನಲ್ಲಿ ನೆಲ ಬಿಟ್ಟು ಮೇಲೇಳದೆ ತಗ್ಗಿನ ಕಡೆಗೇ ಇಳಿಯುತ್ತದೆ. ಶೆಲ್ ದಾಳಿಗೆ ಹೆದರಿ ನೆಲಮಾಳಿಗೆ ಸೇರಿದ್ದ ಕುಟುಂಬಗಳು ಅಲ್ಲೇ ಉಸಿರುಗಟ್ಟಿ ಸತ್ತವು. ಸತ್ತವರ ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ. 1,429 ಎಂಬುದು ಅಮೆರಿಕ ಸರ್ಕಾರದ ಅಂದಾಜು.

ಓಕೆ ಸೆಲ್‌ಸ್ಟ್ರಾಮ್ ನೇತೃತ್ವದ ವಿಶ್ವಸಂಸ್ಥೆಯ ತಂಡ ಸಾರಿನ್ ಬಳಕೆಯನ್ನು ದೃಢಪಡಿಸಿತು. ಬಳಸಿದವರು ಯಾರೆಂದು ಹೇಳುವ ಅಧಿಕಾರ ಆ ತಂಡಕ್ಕೆ ಇರಲಿಲ್ಲ.

ಮಾತುಕತೆ: ರಾಸಾಯನಿಕ ಅಸ್ತ್ರ ಬಳಸಿದರೆ ಸುಮ್ಮನಿರುವುದಿಲ್ಲ ಎಂದು ಅಮೆರಿಕದ ಆಗಿನ ಅಧ್ಯಕ್ಷ ಒಬಾಮಾ 2012ರಲ್ಲೇ ಎಚ್ಚರಿಸಿದ್ದರು. ಆದರೆ ಸೇನಾ ಕಾರ್ಯಾಚರಣೆಯ ಪ್ರಸ್ತಾವವನ್ನು ಬ್ರಿಟನ್ ಸಂಸತ್ತು 2013ರ ಆಗಸ್ಟ್ 29ರಂದು 285–272 ಮತಗಳಿಂದ ತಳ್ಳಿಹಾಕಿತು. ಸೆಪ್ಟೆಂಬರ್ 9ರಂದು ಲಂಡನ್‌ನಲ್ಲಿ ಪತ್ರಕರ್ತರ ಪ್ರಶ್ನೆಗೆ ಉತ್ತರಿಸುತ್ತ ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ, ಸಿರಿಯಾ ಅಧ್ಯಕ್ಷ ಅಸ್ಸಾದ್ ತಮ್ಮ ಅಸ್ತ್ರಗಳನ್ನೆಲ್ಲ ಒಪ್ಪಿಸಿದರೆ ದಾಳಿ ತಪ್ಪೀತು ಎಂಬರ್ಥದ ಮಾತಾಡಿದರು. ರಷ್ಯಾದ ವಿದೇಶಾಂಗ ಸಚಿವ ಸೆರ್ಗೈ ಲಾವ್ರೊವ್ ಅದೇ ದಿನ ಆ ಎಳೆಯನ್ನು ಹಿಡಿದುಕೊಂಡರು. ಸೆಪ್ಟೆಂಬರ್ 14ರಂದು ಜಿನೀವಾದಲ್ಲಿ ಇಬ್ಬರ ನಡುವೆ ಒಪ್ಪಂದವಾಯಿತು. ಅಕ್ಟೋಬರ್ 14ರಿಂದ ರಾಸಾಯನಿಕ ಅಸ್ತ್ರ ನಿಷೇಧ ಒಡಂಬಡಿಕೆ ಸಿರಿಯಾಕ್ಕೂ ಅನ್ವಯವಾಯಿತು.

ನಿರ್ಣಯ 2118: ಭದ್ರತಾ ಮಂಡಳಿ ಸೆಪ್ಟೆಂಬರ್ 27ರಂದು ಇದನ್ನು ಸರ್ವಾನುಮತದಿಂದ ಅಂಗೀಕರಿಸಿತು. ಹಲವರು ಎಡವುವುದು ಇಲ್ಲೇ: ಈ ನಿರ್ಣಯ ತಾನಾಗಿಯೇ ಬಲಪ್ರಯೋಗಕ್ಕೆ ಅನುಮತಿ ಕೊಟ್ಟಿರಲಿಲ್ಲ. ಸಿರಿಯಾ ಮಾತು ತಪ್ಪಿದರೆ ವಿಶ್ವಸಂಸ್ಥೆ ಸನ್ನದಿನ 7ನೇ ಅಧ್ಯಾಯದಡಿ ಕ್ರಮ ಎಂದಷ್ಟೇ ಹೇಳಿತ್ತು. ಆ ಕ್ರಮಕ್ಕೆ ಮತ್ತೊಂದು ನಿರ್ಣಯ ಬೇಕು, ಅದಕ್ಕೆ ರಷ್ಯಾದ ವೀಟೊ ಅಡ್ಡ ಬರಬಹುದು.

ಜಂಟಿ ಕಾರ್ಯಪಡೆ: ವಿಶ್ವಸಂಸ್ಥೆ ಮತ್ತು ಹೇಗ್‌ನಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ ಸೇರಿ ರಚಿಸಿದ್ದು. ಮುಖ್ಯಸ್ಥೆ ನೆದರ್ಲೆಂಡ್ಸ್‌ನ ಸಿಗ್ರಿಡ್ ಕಾಗ್. ಹೇಗ್‌ನ ಸಂಸ್ಥೆಗೆ 2013ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆಗಿನ ಮಹಾನಿರ್ದೇಶಕರು ಟರ್ಕಿಯ ಅಹ್ಮೆತ್ ಉಜುಮ್ಜು.

ನಾಶಪಡಿಸಿದ್ದು ಹೇಗೆ: ಸಿರಿಯಾ ಘೋಷಿಸಿದ ಸಂಗ್ರಹ ಸುಮಾರು 1,300 ಟನ್. ಯುದ್ಧ ನಡೆಯುತ್ತಿದ್ದ ನೆಲದಲ್ಲಿ ಅದನ್ನೆಲ್ಲ ನಾಶಪಡಿಸುವಂತಿರಲಿಲ್ಲ. ಅಲ್ಬೇನಿಯಾವನ್ನು ಕೇಳಿದಾಗ ಜನ ಬೀದಿಗಿಳಿದರು, ಸರ್ಕಾರ ಒಲ್ಲೆನೆಂದಿತು. ಒಡಂಬಡಿಕೆಯ ಪ್ರಕಾರ ಇಂಥ ಅಸ್ತ್ರಗಳನ್ನು ಬೇರೆ ದೇಶಕ್ಕೆ ಹಸ್ತಾಂತರಿಸುವುದೇ ನಿಷಿದ್ಧ. ನಿರ್ಣಯ 2118 ಅದಕ್ಕೆ ವಿಶೇಷ ಅನುಮತಿ ಕೊಟ್ಟಿದ್ದರಿಂದಲೇ ಸಾಗಣೆ ಸಾಧ್ಯವಾಯಿತು.

2014ರ ಜನವರಿ 7ರಿಂದ ಲಟಾಕಿಯಾ ಬಂದರಿನಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯ ಹಡಗುಗಳು ಸರಕು ತುಂಬಿಸಿಕೊಂಡವು. ರಷ್ಯಾ, ಚೀನಾದ ಯುದ್ಧನೌಕೆಗಳೂ ಕಾವಲಿಗಿದ್ದವು. ಕೊನೆಯ ಕಂತು ಹೊರಟಿದ್ದು ಜೂನ್ 23ರಂದು. ಇಟಲಿಯ ಜೋಯಾ ತಾವ್ರೊ ಬಂದರಿನಲ್ಲಿ ಅತ್ಯಂತ ಅಪಾಯಕಾರಿಯಾದ ಸುಮಾರು 600 ಟನ್ ಸರಕು ಅಮೆರಿಕದ ಕೇಪ್ ರೇ ಹಡಗಿಗೇರಿತು. ಅದರಲ್ಲಿ ಬಹುಪಾಲು ಡಿಎಫ್ ಎಂಬ ದ್ರವ. ಇದಕ್ಕೆ ಐಸೊಪ್ರೊಪನಾಲ್ ಬೆರೆತರೆ ಸಾರಿನ್ ಆಗುತ್ತದೆ. ಹಡಗಿನ ಒಳಗೇ ಟೈಟಾನಿಯಂ ಪಾತ್ರೆಗಳಲ್ಲಿ ನೀರು ಮತ್ತಿತರ ರಾಸಾಯನಿಕ ಬೆರೆಸಿ ವಿಷದ ಅಣುವನ್ನೇ ಒಡೆದರು. ಆಗಸ್ಟ್‌ನಲ್ಲಿ ಕೆಲಸ ಮುಗಿಯಿತು. ಒಂದು ಹನಿಯನ್ನೂ ಸಮುದ್ರಕ್ಕೆ ಬಿಡದೆ ಉಳಿದ ತ್ಯಾಜ್ಯವನ್ನು ಜರ್ಮನಿ, ಫಿನ್ಲೆಂಡ್‌ಗೆ ಒಯ್ದರು. ಘೋಷಿತ ಸಂಗ್ರಹವೆಲ್ಲ ನಾಶವಾಯಿತೆಂದು ಹೇಗ್‌ನ ಸಂಸ್ಥೆ ಸಾರಿದ್ದು 2016ರ ಜನವರಿಯಲ್ಲಿ. ಪರಸ್ಪರ ನಂಬದ ದೇಶಗಳು ಕೂಡಿ ಮಾಡಿದ ಈ ಕೆಲಸ ಸಣ್ಣದಲ್ಲ.

ಉಳಿದ ಗಾಯ: ಸಿರಿಯಾ ಎಲ್ಲವನ್ನೂ ಘೋಷಿಸಿರಲಿಲ್ಲ. 2017ರ ಏಪ್ರಿಲ್ 4ರಂದು ಖಾನ್ ಶೇಖೂನ್ ಪಟ್ಟಣದ ಮೇಲೆ ಮತ್ತೆ ಸಾರಿನ್ ಸುರಿಯಿತು. 2018ರ ಏಪ್ರಿಲ್ 7ರಂದು ಡೌಮಾದಲ್ಲಿ ಕ್ಲೋರಿನ್. ನೀರು ಶುದ್ಧೀಕರಣಕ್ಕೆ ಬಳಸುವ ಕ್ಲೋರಿನ್ ಒಡಂಬಡಿಕೆಯ ಪಟ್ಟಿಗಳಲ್ಲಿ ಇಲ್ಲ. ಆದರೂ ಅಸ್ತ್ರವಾಗಿ ಬಳಸಿದರೆ ಅದೂ ನಿಷಿದ್ಧವೇ.

ಗೊಂದಲವಾಗುವ ಮೂರು ತಂಡಗಳು: 2014ರ ಸತ್ಯಶೋಧನಾ ತಂಡದ ಕೆಲಸ, ಅಸ್ತ್ರ ಬಳಕೆಯಾಯಿತೇ ಎಂದು ನೋಡುವುದು. 2015ರ ನಿರ್ಣಯ 2235ರಂತೆ ಬಂದ ಜಂಟಿ ತನಿಖಾ ವ್ಯವಸ್ಥೆ, ಬಳಸಿದ್ದು ಯಾರೆಂದು ಹೆಸರಿಸುತ್ತಿತ್ತು. ಖಾನ್ ಶೇಖೂನ್ ದಾಳಿಗೆ ಸಿರಿಯಾ ಸರ್ಕಾರವೇ ಹೊಣೆ ಎಂದಿತು. 2017ರ ನವೆಂಬರ್‌ನಲ್ಲಿ ರಷ್ಯಾದ ವೀಟೊದಿಂದ ಅದು ನಿಂತುಹೋಯಿತು. ಮರುವರ್ಷ ಹೇಗ್‌ನ ಸಂಸ್ಥೆಯೇ ತನಿಖೆ ಮತ್ತು ಗುರುತಿಸುವಿಕೆ ತಂಡ ಕಟ್ಟಿತು; ಡೌಮಾ ದಾಳಿಯ ಹೊಣೆ ಸಿರಿಯಾ ವಾಯುಪಡೆಯದು ಎಂದು 2023ರಲ್ಲಿ ವರದಿ ಕೊಟ್ಟಿತು. ಇದಕ್ಕೂ ಮೊದಲೇ, 2021ರ ಏಪ್ರಿಲ್‌ನಲ್ಲಿ, ಸಂಸ್ಥೆಯಲ್ಲಿ ಸಿರಿಯಾದ ಮತದಾನದ ಹಕ್ಕನ್ನು ಅಮಾನತಿನಲ್ಲಿಡಲಾಗಿತ್ತು.

ಒಡಂಬಡಿಕೆ: ಸಹಿಗೆ ತೆರೆದದ್ದು 1993, ಜಾರಿ 1997ರ ಏಪ್ರಿಲ್ 29, ಸದಸ್ಯ ರಾಷ್ಟ್ರಗಳು 193. ಇಸ್ರೇಲ್ ಸಹಿ ಹಾಕಿದೆ, ಅನುಮೋದಿಸಿಲ್ಲ. ಈಜಿಪ್ಟ್, ಉತ್ತರ ಕೊರಿಯಾ, ದಕ್ಷಿಣ ಸುಡಾನ್ ಹೊರಗಿವೆ. 1925ರ ಜಿನೀವಾ ಪ್ರೋಟೊಕಾಲ್ ಬಳಕೆಯನ್ನಷ್ಟೇ ನಿಷೇಧಿಸಿತ್ತು, ತಯಾರಿಕೆಯನ್ನಲ್ಲ.

ಭಾರತ: ತನ್ನಲ್ಲಿದ್ದ ಸಾಸಿವೆ ಅನಿಲದ ಸಂಗ್ರಹವನ್ನು 1997ರಲ್ಲಿ ಘೋಷಿಸಿ, 2009ರಲ್ಲಿ ಪೂರ್ತಿ ನಾಶಪಡಿಸಿತು. ಸಿರಿಯಾ ಕಾರ್ಯಾಚರಣೆಗೆ 10 ಲಕ್ಷ ಡಾಲರ್ ನೆರವು ಕೊಟ್ಟಿತು.

ಈಚಿನದು: 2024ರ ಡಿಸೆಂಬರ್ 8ರಂದು ಅಸ್ಸಾದ್ ಆಡಳಿತ ಪತನವಾಯಿತು. 2025ರ ಫೆಬ್ರುವರಿಯಲ್ಲಿ ಹೇಗ್‌ನ ಸಂಸ್ಥೆಯ ಮಹಾನಿರ್ದೇಶಕ ಫರ್ನಾಂಡೊ ಅರಿಯಾಸ್ ಡಮಾಸ್ಕಸ್‌ಗೆ ಹೋಗಿ, ಹಿಂದಿನ ಸರ್ಕಾರ ಮುಚ್ಚಿಟ್ಟಿದ್ದರ ಲೆಕ್ಕ ಹಿಡಿಯುವ ಕುರಿತು ಹೊಸ ಆಡಳಿತದೊಂದಿಗೆ ಮಾತುಕತೆ ನಡೆಸಿದರು.