ಗುಡ್ಡಸೀಮೆಯವರ ಹೊತ್ತು

ಹೊತ್ತಿನ ಸದ್ವಿನಿಯೋಗವನ್ನು ಕುರಿತು ಬರೆದ ಪುಸ್ತಕಗಳು ಅನೇಕವುಂಟು. ಅವುಗಳಲ್ಲಿ ಬಹುಭಾಗವು ಪಟ್ಟಣದವರಿಗೋಸ್ಕರ ಬರೆಯಲ್ಪಟ್ಟದ್ದು. ನಾಲ್ಕು ಗಂಟೆಗೆ ಏಳಬೇಕು, ಗಡಿಯಾರವನ್ನು ನೋಡಿ ದುಡಿಯಬೇಕು ಎಂದು ಅವು ಬೋಧಿಸುತ್ತವೆ. ಸಕಲೇಶಪುರ ಆಲೂರುಗಳ ಗುಡ್ಡಗಳಲ್ಲಿ ವಾಸಿಸುವ ನಾವು ಈ ಬೋಧನೆಯನ್ನು ಇದ್ದ ಹಾಗೆಯೇ ಅಂಗೀಕರಿಸಲಾರೆವು. ಯಾಕಂದರೆ ಇಲ್ಲಿ ನಸುಕಿನ ಹೊತ್ತು ನಮ್ಮದಲ್ಲ, ಆನೆಗಳದು. 2014ರಲ್ಲಿ ಅರಣ್ಯ ಇಲಾಖೆಯವರು ಈ ಸೀಮೆಯಲ್ಲಿ 22 ಆನೆಗಳನ್ನು ಹಿಡಿದು ಸಾಗಿಸಿದರು. ಆದಾಗ್ಯೂ ಅವುಗಳ ಸಂಚಾರವು ನಿಲ್ಲಲಿಲ್ಲ. ಇಂಥ ತೋಟದ ಬಳಿ ಹಿಂಡು ಇದೆಯೆಂದು ಮೊಬೈಲಿಗೆ ಸಂದೇಶ ಬಂದ ಮುಂಜಾನೆ, ಬುತ್ತಿ ಕಟ್ಟಿಕೊಂಡು ಹೊರಟ ಹೆಂಗಸು ಹೊಸ್ತಿಲಲ್ಲಿಯೇ ನಿಂತುಕೊಳ್ಳುವಳು. ಆಕೆಯನ್ನು ಸೋಮಾರಿಯೆಂದು ಕರೆಯುವವನು ಮೂಢನು. ಸಂಜೆಯೂ ಹಾಗೆಯೇ, ಕತ್ತಲಾಗುವುದಕ್ಕೆ ಮುಂಚೆ ಮನೆ ಸೇರಲೇಬೇಕು. ಹೀಗೆ ದಿನದ ಎರಡು ತುದಿಗಳೂ ಕತ್ತರಿಸಿಹೋದ ಮೇಲೆ ಉಳಿದ ನಡುಹೊತ್ತನ್ನು ಹೇಗೆ ನಡಿಸಬೇಕೆಂಬದೇ ಈ ಪಾಠದ ವಿಷಯವು.

ಮೊದಲು ವರುಷವನ್ನು ನೋಡೋಣ. ನಮಗೆ ಗಡಿಯಾರಕ್ಕಿಂತ ಮಳೆಯೇ ಯಜಮಾನನು. ಮಾರ್ಚಿ ಏಪ್ರಿಲುಗಳಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಕಾಫಿ ಗಿಡಗಳು ಬೆಳ್ಳಗಾಗುತ್ತವೆ. ಆಮೇಲೆ ಎರಡು ಮೂರು ವಾರಗಳೊಳಗೆ ಮತ್ತೊಂದು ಮಳೆ ಬಾರದಿದ್ದರೆ ಕಾಯಿ ಕಚ್ಚುವುದು ಕಡಿಮೆ. ನೀರಿನ ಅನುಕೂಲ ಇದ್ದವರು ಆಗಲೇ ನೀರು ಹಾಯಿಸಬೇಕು. ಅರೇಬಿಕಾ ಹಣ್ಣಾಗಲು ಎಂಟು ಒಂಬತ್ತು ತಿಂಗಳು, ರೊಬಸ್ಟಾಕ್ಕೆ ಹತ್ತು ಹನ್ನೊಂದು. ಎಲೆಯ ತುಕ್ಕುರೋಗವನ್ನು ತಡೆಯುವ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ ಸಿಂಪಡಿಸಬೇಕು. ಅದನ್ನು ಕಲಸಿದ ದಿನವೇ ಮುಗಿಸಬೇಕು, ಮರುದಿನಕ್ಕೆ ಇಟ್ಟರೆ ಗುಣ ಕೆಡುವುದು. ಕೊಯ್ದ ಹಣ್ಣನ್ನು ಪಲ್ಪ್ ಮಾಡುವುದಾದರೆ ಕೊಯ್ದ ದಿನವೇ ಮಾಡಬೇಕು. ಇವು ಕಾಯದ ಕೆಲಸಗಳು. ಬೇಲಿ ಕಟ್ಟುವುದು, ಹೆಂಚು ಸರಿಮಾಡುವುದು, ಕಚೇರಿಯ ಕಾಗದಪತ್ರ, ಬಳಗದ ಮನೆಗೆ ಹೋಗಿಬರುವುದು ಇವು ಸಾಧಾರಣವಾಗಿ ಕಾಯುವ ಕೆಲಸಗಳು. ನಮ್ಮ ಕಷ್ಟಗಳಲ್ಲಿ ಅನೇಕವು ಆಲಸ್ಯದಿಂದ ಹುಟ್ಟಿದವುಗಳಲ್ಲ. ಕಾಯುವ ಕೆಲಸವನ್ನು ಮುಂದಕ್ಕೂ ಕಾಯದ ಕೆಲಸವನ್ನು ಹಿಂದಕ್ಕೂ ಇಟ್ಟದ್ದರಿಂದ ಹುಟ್ಟಿದವುಗಳು.

ಇದನ್ನು ನಾವು ಸುಖವಾಗಿ ಕಲಿತವರಲ್ಲ. ಒಂದು ವರುಷ ಡಿಸೆಂಬರಿನಲ್ಲಿ, ಕೊಯ್ಲು ನಡೆಯುತ್ತಿರುವಾಗಲೇ, ಒಂದು ಕಾಗದದ ನಿಮಿತ್ತ ಪಟ್ಟಣಕ್ಕೆ ಹೋಗಿ ಎರಡು ದಿನ ಉಳಿದೆವು. ಆ ಕಾಗದವು ಜನವರಿಯ ತನಕ ನಿಲ್ಲಬಹುದಾಗಿತ್ತು. ಹಿಂತಿರುಗಿ ಬಂದು ನೋಡಲಾಗಿ ಕೊಯ್ದ ಹಣ್ಣು ಮೂಲೆಯಲ್ಲಿ ರಾಶಿಯಾಗಿಯೇ ಬಿದ್ದಿತ್ತು. ರಾಶಿಯೊಳಗೆ ಕೈಯಿಟ್ಟರೆ ಬಿಸಿ. ಹುಳಿಯ ವಾಸನೆ ಅಂಗಳಕ್ಕೆಲ್ಲಾ ಹರಡಿತ್ತು. ವರ್ತಕನು ಒಂದು ಹಿಡಿಯನ್ನು ಮೂಗಿಗೆ ಹಿಡಿದು ಬೆಲೆಯನ್ನು ಇಳಿಸಿದನು. ಆತನ ಮೇಲೆ ಹೇಳುವದಕ್ಕೆ ನಮಗೆ ಬಾಯಿ ಇರಲಿಲ್ಲ. ಆ ವರುಷ ಹಿರಿಯ ಮಗಳ ಶಾಲೆಯ ಹಣವನ್ನು ಸಾಲ ತಂದು ಕಟ್ಟಿದೆವು.

ಆದರೆ ಕೊಯ್ಲಿನ ಕಾಲದಲ್ಲಿ ಉತ್ಸಾಹವು ತಾನಾಗಿ ಬರುವದು. ಹಣ್ಣು ಕಣ್ಣಿಗೆ ಕಾಣುತ್ತದೆ, ಕೂಲಿ ಕೈಗೆ ಸಿಗುತ್ತದೆ. ಕಷ್ಟವಿರುವದು ಜೂನಿನಿಂದ ಆಗಸ್ಟಿನ ವರೆಗೆ. ಹಿಂದಿನ ಬೆಳೆಯ ಹಣ ಮುಗಿದಿರುತ್ತದೆ, ಮುಂದಿನ ಬೆಳೆ ಇನ್ನೂ ಹಸುರುಕಾಯಿ. ಹೇಮಾವತಿ ಕೆಂಪಾಗಿ ಹರಿಯುತ್ತಾಳೆ; ಬಟ್ಟೆ ಒಣಗದು, ಸೌದೆ ಉರಿಯದು, ವಾರಗಟ್ಟಳೆ ಸೂರ್ಯನ ಮುಖ ಕಾಣದು. ಆಗ ಮನಸ್ಸು ಕುಗ್ಗುವದು. ಬೆಳೆಯ ಮೇಲೆ ಸಾಲ ಎತ್ತುವದೂ ಕುಡಿತಕ್ಕೆ ಬೀಳುವದೂ ನಾವು ಕಂಡಂತೆ ಹೆಚ್ಚಾಗಿ ಈ ಮೂರು ತಿಂಗಳುಗಳಲ್ಲಿಯೇ. ಇಂಥ ಸಮಯದಲ್ಲಿ ದೊಡ್ಡ ಸಂಕಲ್ಪಗಳು ಉಪಯೋಗಕ್ಕೆ ಬಾರವು. ಚಿಕ್ಕ ಕೆಲಸ, ಆದರೆ ದಿನವೂ ತಪ್ಪದ ಕೆಲಸ ಬೇಕು.

ಈ ವಿಷಯದಲ್ಲಿ ಕಿಟ್ಟೆಲರನ್ನು ಜ್ಞಾಪಿಸಿಕೊಳ್ಳೋಣ. ಅವರು 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಈ ದೇಶಕ್ಕೆ ಬಂದರು. ಮಡಿಕೇರಿಯಲ್ಲಿಯೂ ಕೆಲವು ಕಾಲ ಇದ್ದುದರಿಂದ ಗುಡ್ಡದ ಮಳೆ ಅವರಿಗೆ ತಿಳಿಯದ್ದಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳುಂಟು. ಅದಕ್ಕಾಗಿ ಹೆಚ್ಚುಕಡಿಮೆ 20 ವರುಷ ಹಿಡಿಯಿತು. ಭಾಗಿಸಿ ನೋಡಿರಿ. ದಿನಕ್ಕೆ ಹತ್ತು ಪದಗಳೂ ಪೂರ್ತಿ ಆಗಲಿಲ್ಲ! ಒಂದು ದಿನದ ಕೆಲಸವನ್ನು ನೋಡಿದವರು ಇದೇನು ಮಹಾ ಎಂದು ನಗಬಹುದಾಗಿತ್ತು. ನಿಘಂಟು ಮುಗಿದ ಮೇಲೆಯೂ ಅವರು ಸುಮ್ಮನೆ ಕೂಡ್ರಲಿಲ್ಲ. ಅವರ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು, ಆ ವರುಷವೇ ಅವರು ತೀರಿಹೋದರು.

ನಮ್ಮಿಂದ ನಿಘಂಟು ಆಗದು. ಮಳೆಗಾಲದ ಒಂದು ಸಂಜೆಗೆ ಇಷ್ಟು ಸಾಕು: ಒಂದು ಹರಿದ ಚೀಲಕ್ಕೆ ಹೊಲಿಗೆ, ಅಂದಿನ ಖರ್ಚನ್ನು ಬರೆದ ಎರಡು ಸಾಲು, ಮಕ್ಕಳ ಓದನ್ನು ಕೂತು ಕೇಳುವ ಅರ್ಧ ಗಂಟೆ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡುವ ಹಟ ಬೇಡ. ಆ ಹಟದಿಂದಲೇ ಮೂರನೆಯ ದಿನ ಎಲ್ಲವೂ ಬಿಟ್ಟುಹೋಗುವುದನ್ನು ನಾವು ನಮ್ಮಲ್ಲಿಯೇ ಕಂಡಿದ್ದೇವೆ.

ಆಲೂರು ಕಡೆಯ ಒಂದು ಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಕ್ಯಾಲೆಂಡರನ್ನು ತೂಗಹಾಕಿದ್ದಾರೆ. ಮನೆಯ ಮುದುಕಿಗೆ ಅಕ್ಷರ ಬಾರದು. ಆದಾಗ್ಯೂ ಹೂಮಳೆ ಬಿದ್ದ ದಿನಕ್ಕೆ ಆಕೆಯೇ ಇದ್ದಲಿನಿಂದ ಒಂದು ಬೊಟ್ಟು ಇಡುವಳು. ಔಷಧ ಹೊಡೆದ ದಿನಕ್ಕೆ ಒಂದು ಗೀಟು. ಆನೆಗಳಿಂದ ಕೆಲಸ ನಿಂತ ದಿನಕ್ಕೆ ಒಂದು ಸೊನ್ನೆ. ಕೆಲಸ ತಪ್ಪಿದ್ದು ಯಾರ ತಪ್ಪಿನಿಂದ ಎಂಬ ಜಗಳವು ಆ ಮನೆಯಲ್ಲಿ ಈಗ ಕಡಿಮೆ. ಕಳೆದ ಕೊಯ್ಲಿನಲ್ಲಿ ಆಕೆ ಬೊಟ್ಟಿನಿಂದ ತಿಂಗಳುಗಳನ್ನು ಎಣಿಸಿ ಹೇಳಿದ್ದರಿಂದ, ಮೊದಲನೆಯ ಹಣ್ಣು ಬುಟ್ಟಿಗೆ ಬೀಳುವುದಕ್ಕೆ ಎರಡು ವಾರ ಮುಂಚೆಯೇ ಅವರ ಕಣವು ಸಗಣಿಯಿಂದ ಸಾರಿಸಿ ಸಿದ್ಧವಾಗಿತ್ತು.